ಸರಕಾರಿ ಅನುದಾನದ ಸಂಶೋಧನೆಯಲ್ಲಿ ಲಿಂಗ ಸಮಾನತೆ: ಪ್ರಸ್ತಾವನೆಯಿಂದ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ತನಕ ಮಾಡಬೇಕಾದ ಕೆಲಸ

ಮಂಗಳೂರು, ಉಡುಪಿ ಕಡೆ ಸಂಶೋಧನಾ ಯೋಜನೆ ನಡೆಸುವ ಅಧ್ಯಾಪಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. "ಜಾಹೀರಾತು ಹಾಕಿದರೂ ಫೀಲ್ಡ್ ಕೆಲಸಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ, ಏನು ಮಾಡುವುದು?" "ನಮ್ಮ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಹೆರಿಗೆ ರಜೆ ಕೇಳಿದ್ದಾರೆ, ದುಡ್ಡು ಯಾವ ಲೆಕ್ಕದಿಂದ ಕೊಡುವುದು?" "ಪ್ರಸ್ತಾವನೆಯಲ್ಲಿ ಲಿಂಗ ಸಮಾನತೆಯ ಬಗ್ಗೆ ಒಂದು ಪ್ಯಾರಾ ಬೇಕಂತೆ, ಏನು ಬರೆಯುವುದು?"

ಈ ಮೂರನ್ನೂ ಸೇರಿಸಿ ಉತ್ತರ ಕೊಡುವ ಪ್ರಯತ್ನ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಮಹಿಳಾ ದಿನಾಚರಣೆಗೆ ಒಬ್ಬರನ್ನು ಕರೆಸಿ ಭಾಷಣ ಮಾಡಿಸಿದರೆ ಯೋಜನೆಯಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಜಾಹೀರಾತಿನ ಒಂದು ಸಾಲಿನಿಂದ, ಬಜೆಟ್ಟಿನ ಒಂದು ಕಾಲಮ್ಮಿನಿಂದ, ಸರಿಯಾದ ಸಮಯಕ್ಕೆ ಹೋದ ಒಂದು ಪತ್ರದಿಂದ. ಆದ್ದರಿಂದ ಈ ಲೇಖನದ ತುಂಬ ಕಡತದ ಮಾತೇ ಇದೆ.

ಸರಕಾರಿ ಅನುದಾನ ಎಂದರೆ ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ), ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಕೃಷಿ ಸಂಶೋಧನಾ ಮಂಡಳಿ (ಐಸಿಎಆರ್), ಯುಜಿಸಿ, ರಾಜ್ಯದ ವಿಜ್ಞಾನ-ತಂತ್ರಜ್ಞಾನ ವಿಷನ್ ಗ್ರೂಪ್ (ವಿಜಿಎಸ್‌ಟಿ) ಮುಂತಾದವುಗಳಿಂದ ಬರುವ ಹಣ. 2023ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ (ಎಎನ್‌ಆರ್‌ಎಫ್) ಕೂಡ ಇದರಲ್ಲಿ ಸೇರಿತು; ಹಿಂದಿನ ಅನುದಾನ ಮಂಡಳಿ ಎಸ್‌ಇಆರ್‌ಬಿ ಅದರೊಳಗೇ ವಿಲೀನವಾಗಿದೆ. ನಿಮ್ಮ ಸಂಸ್ಥೆ ಖಾಸಗಿಯದೇ ಆಗಿರಲಿ, ಹಣ ಸರಕಾರದ್ದಾದರೆ ಅದರ ಷರತ್ತುಗಳು ನಿಮಗೂ ಅನ್ವಯಿಸುತ್ತವೆ. ಪಿಐ ಎಂದಾಗ ಯೋಜನೆಯ ಹೊಣೆ ಹೊತ್ತ ಪ್ರಧಾನ ಸಂಶೋಧಕರು ಎಂದು ಓದಿಕೊಳ್ಳಿ. ದೇಶದಲ್ಲಿ ಹೀಗೆ ಹೊರಗಿನ ಅನುದಾನದಿಂದ ನಡೆಯುವ ಯೋಜನೆಗಳಲ್ಲಿ ಮಹಿಳೆಯರ ಪಾಲು 2000-01ರಲ್ಲಿ ಶೇ. 13 ಇತ್ತು, 2016-17ಕ್ಕೆ ಶೇ. 24ಕ್ಕೆ ಏರಿತು. ಏರಿದೆ, ನಿಜ. ಆದರೆ ನಮ್ಮ ಕರಾವಳಿಯ ಬಹಳಷ್ಟು ಎಂಎಸ್ಸಿ ತರಗತಿಗಳಲ್ಲಿ ಒಮ್ಮೆ ಇಣುಕಿ, ಬೆಂಚುಗಳಲ್ಲಿ ಯಾರು ಹೆಚ್ಚಿದ್ದಾರೆಂದು ನೋಡಿ ಬಂದವರಿಗೆ 24 ದೊಡ್ಡ ಸಂಖ್ಯೆ ಅನ್ನಿಸಲಿಕ್ಕಿಲ್ಲ.

ಶುರು ಮಾಡುವ ಮೊದಲು ಮೇಜಿನ ಮೇಲೆ ಇವಿಷ್ಟು ಇರಲಿ: ಯೋಜನೆಯ ಮಂಜೂರಾತಿ ಆದೇಶ ಮತ್ತು ಅದರ ಷರತ್ತುಗಳ ಪುಟ, ಫೆಲೋಶಿಪ್ ಮೊತ್ತ ಹೆಚ್ಚಿಸಿದ 2023ರ ಜೂನ್ ತಿಂಗಳ ಡಿಎಸ್‌ಟಿ ಆದೇಶ, ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ, ನಿಮ್ಮ ಸಂಸ್ಥೆಯ ಆಂತರಿಕ ದೂರು ಸಮಿತಿಯ ಸದಸ್ಯರ ಪಟ್ಟಿ, ಕಳೆದ ಮೂರು ವರ್ಷಗಳ ನೇಮಕಾತಿ ಕಡತ.

ಹಂತ 1: ಎಣಿಸಿ

ಕಚೇರಿಯಿಂದ ಹಳೆಯ ಕಡತ ತರಿಸಿ ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ. ಅರ್ಜಿ ಹಾಕಿದವರು, ಸಂದರ್ಶನಕ್ಕೆ ಕರೆದವರು, ಬಂದವರು, ಆಯ್ಕೆಯಾದವರು, ಸೇರಿದವರು, ಮಧ್ಯದಲ್ಲಿ ಬಿಟ್ಟವರು ಎಂದು ಆರು ಕಾಲಮ್. ಪ್ರತಿಯೊಂದರಲ್ಲೂ ಗಂಡು, ಹೆಣ್ಣು, ಇತರೆ ಎಂದು ಬೇರೆ ಬೇರೆ.

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ಅರ್ಜಿ 40, ಹೆಣ್ಣುಮಕ್ಕಳದು 26. ಕರೆದದ್ದು 12 ಮಂದಿಯನ್ನು, ಅವರಲ್ಲಿ 8 ಹೆಣ್ಣುಮಕ್ಕಳು. ಬಂದವರು 8, ಅವರಲ್ಲಿ 4. ಸೇರಿದವರು 2, ಅವರಲ್ಲಿ ಹೆಣ್ಣುಮಕ್ಕಳು ಇಲ್ಲ. "ಹೆಣ್ಣುಮಕ್ಕಳು ಬರುವುದಿಲ್ಲ" ಎಂಬ ದೂರು ಇಲ್ಲಿ ಸುಳ್ಳಾಯಿತು. ಅರ್ಜಿ ಬಂದಿದೆ. ಕೈತಪ್ಪಿದ್ದು ಕರೆದ ಮೇಲೆ. ಕರೆದ ಹೆಣ್ಣುಮಕ್ಕಳಲ್ಲಿ ಅರ್ಧ ಮಂದಿ ಯಾಕೆ ಬರಲಿಲ್ಲ? ಪತ್ರ ಮೂರು ದಿನ ಮೊದಲು ಹೋಗಿತ್ತೇ? ಸಂದರ್ಶನ ಕೊಣಾಜೆಯಲ್ಲಿ ಬೆಳಗ್ಗೆ 9ಕ್ಕೆ ಇಟ್ಟು, ಬೈಂದೂರಿನಿಂದ ಬರುವವರಿಗೆ ಹಿಂದಿನ ರಾತ್ರಿ ಉಳಿಯಲು ಜಾಗವಿರಲಿಲ್ಲವೇ? ಔಷಧ ಅಲ್ಲಿ ಬೇಕು, ಜಾಹೀರಾತಿಗೆ ಅಲ್ಲ.

ಇನ್ನೆರಡು ಲೆಕ್ಕ ಇದೇ ಹಾಳೆಯ ಹಿಂಬದಿಗೆ ಹಾಕಿ. ಸಮ್ಮೇಳನಗಳಿಗೆ ಪ್ರಯಾಣದ ಹಣ ಯಾರಿಗೆ ಎಷ್ಟು ಹೋಯಿತು ಎಂಬುದು ಒಂದು. ದೊಡ್ಡ ಉಪಕರಣದ ಬುಕಿಂಗ್ ಪುಸ್ತಕದಲ್ಲಿ ಸಂಜೆ 6ರ ನಂತರದ ಸಮಯ ಯಾರ ಹೆಸರಲ್ಲಿದೆ ಎಂಬುದು ಇನ್ನೊಂದು. ಈ ಎರಡನೆಯದು ಏಕೆ ಎಂಬುದು 6ನೇ ಹಂತದಲ್ಲಿ ತಿಳಿಯುತ್ತದೆ.

ತಪ್ಪುವುದು ಎಲ್ಲಿ: ಐದು ಮಂದಿಯ ತಂಡದಲ್ಲಿ "ಶೇ. 60 ಮಹಿಳೆಯರು" ಎಂದು ಬರೆಯುವುದು. ಆ ಮಹಿಳೆಯರಲ್ಲಿ ಒಬ್ಬರು ಬಿಟ್ಟು ಹೋದರೆ ಅದು ಶೇ. 50 ಆಗುತ್ತದೆ. ಸಣ್ಣ ತಂಡವಾದರೆ ಸಂಖ್ಯೆಯನ್ನೇ ಬರೆಯಿರಿ, ಶೇಕಡಾ ಬೇಡ. "ಬಿಟ್ಟವರು 1, ಕಾರಣ ಹೆರಿಗೆ" ಎಂದು ಬರೆದರೆ ಅದು ಯಾರೆಂದು ಇಡೀ ವಿಭಾಗಕ್ಕೆ ಗೊತ್ತಾಗುತ್ತದೆ, ಆದ್ದರಿಂದ ಕಾರಣದ ಕಾಲಮ್ ನಿಮ್ಮ ಪ್ರತಿಯಲ್ಲಿ ಮಾತ್ರ ಇರಲಿ.

ಹಂತ 2: ಪ್ರಸ್ತಾವನೆಯಲ್ಲಿ, ಪ್ರಶ್ನೆಯ ಒಳಗೇ

ಲಿಂಗ ಸಮಾನತೆಯ ಪ್ಯಾರಾವನ್ನು ಕೊನೆಗೆ ಅಂಟಿಸಬೇಡಿ. ಅದರ ಜಾಗ ಸಂಶೋಧನಾ ವಿಧಾನದ ಪುಟ.

ಮೀನುಗಾರಿಕೆಯ ಯೋಜನೆ ಎಂದಿಟ್ಟುಕೊಳ್ಳಿ. "ಮಲ್ಪೆ ಬಂದರಿನ 200 ಮೀನುಗಾರರ ಸಮೀಕ್ಷೆ" ಎಂದು ಬರೆದ ಕೂಡಲೇ ಮಾದರಿಯಲ್ಲಿ ಬೋಟಿಗೆ ಹೋಗುವ ಗಂಡಸರು ಮಾತ್ರ ಉಳಿಯುತ್ತಾರೆ. ಮೀನು ವಿಂಗಡಿಸುವವರು, ಒಣಮೀನು ಮಾಡುವವರು, ಬುಟ್ಟಿ ಹೊತ್ತು ಮನೆಮನೆಗೆ ಮಾರುವವರು, ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪುಜೀವಿ ಹೆಕ್ಕುವವರು ಎಲ್ಲ ಲೆಕ್ಕದ ಹೊರಗೆ. ಮೀನಿನ ಬೆಲೆ, ನಷ್ಟ, ಸಾಲದ ಬಗ್ಗೆ ನಿಮ್ಮ ತೀರ್ಮಾನ ಅರ್ಧ ಬಂದರಿನದ್ದಾಯಿತು. ಮಾದರಿಯನ್ನು ಕೆಲಸದ ಪ್ರಕಾರ ಭಾಗ ಮಾಡಿ: ಬೋಟು, ದಕ್ಕೆ (ಬೋಟು ನಿಲ್ಲುವ ಕಟ್ಟೆ), ಒಣಗಿಸುವುದು, ಮಾರಾಟ, ಅಳಿವೆ. ಪ್ರತಿ ಭಾಗದಿಂದ ಎಷ್ಟು ಮಂದಿ ಎಂದು ಮೊದಲೇ ಬರೆದಿಡಿ.

ಮನೆ ಸಮೀಕ್ಷೆಯಲ್ಲಿ "ಮನೆಯ ಯಜಮಾನರನ್ನು ಮಾತಾಡಿಸಿ" ಎಂಬ ಸೂಚನೆ ಇದೇ ತರಹದ ಗುಂಡಿ. ಆಸ್ತಿ ತಾಯಿಯ ಕಡೆಯಿಂದ ಬರುವ ಅಳಿಯಕಟ್ಟಿನ ಊರು ಇದು. ಆರ್‌ಟಿಸಿಯಲ್ಲಿ ಅಜ್ಜಿಯ ಹೆಸರಿರಬಹುದು, ಫಾರ್ಮಿಗೆ ಉತ್ತರ ಕೊಡುವವರು ಮಾತ್ರ ಜಗಲಿಯಲ್ಲಿ ಕೂತ ಮಾವ. ಬೀಡಿ ಕಟ್ಟುವವರು ಅಥವಾ ಗೇರುಬೀಜ ಕಾರ್ಖಾನೆಯವರ ಆರೋಗ್ಯದ ಅಧ್ಯಯನವಾದರೆ ಸಮಯ ನೋಡಿಕೊಳ್ಳಿ: ಕಾರ್ಖಾನೆಯ ಪಾಳಿ ಹೊತ್ತಿಗೆ ಮನೆಗೆ ಹೋದರೆ ಯಾರನ್ನು ಅಧ್ಯಯನ ಮಾಡಬೇಕೋ ಅವರೇ ಮನೆಯಲ್ಲಿರುವುದಿಲ್ಲ. ತುಳು, ಬ್ಯಾರಿ ಅಥವಾ ಕೊಂಕಣಿ ಬಲ್ಲ ಮಹಿಳಾ ಸಂದರ್ಶಕರು ಬೇಕು ಎಂದು ಮಾನವಶಕ್ತಿಯ ಸಮರ್ಥನೆಯಲ್ಲೇ ಬರೆಯಿರಿ. ಆದರೆ ಅವರ ಕೆಲಸ ಫಾರ್ಮ್ ತುಂಬುವಲ್ಲಿಗೆ ನಿಲ್ಲಬಾರದು. ದತ್ತಾಂಶ ವಿಶ್ಲೇಷಣೆಯಲ್ಲೂ ಅವರ ಹೆಸರಿರಲಿ.

ಪ್ರಯೋಗಾಲಯದ ಜೀವವಿಜ್ಞಾನವಾದರೆ ಪ್ರಶ್ನೆ ಬೇರೆ. ಇಲಿಗಳು ಎರಡೂ ಲಿಂಗದವೇ? ಒಂದೇ ಲಿಂಗದ್ದಾದರೆ ಕಾರಣವೇನು? "ಹೆಣ್ಣಿಲಿಗಳಲ್ಲಿ ಹಾರ್ಮೋನಿನ ಏರುಪೇರು ಜಾಸ್ತಿ" ಎಂಬ ಹಳೆಯ ಸಬೂಬು ಈಗ ನಡೆಯುವುದಿಲ್ಲ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2016ರಿಂದ ಲಿಂಗವನ್ನು ಜೈವಿಕ ಚರವಾಗಿ ಪರಿಗಣಿಸಬೇಕೆಂದು ಕೇಳುತ್ತಿದೆ. ಹೀಗೆ ನೋಡದೇ ಇದ್ದುದರ ಬೆಲೆ ಏನೆಂಬುದಕ್ಕೆ ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆ ಸಾಕ್ಷಿ: ಮಾರುಕಟ್ಟೆಗೆ ಬಂದು ಎಷ್ಟೋ ವರ್ಷದ ನಂತರ, 2013ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಹಿಳೆಯರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಮಹಿಳೆಯರ ದೇಹದಿಂದ ಅದು ನಿಧಾನವಾಗಿ ಹೊರಹೋಗುತ್ತದೆ, ಬೆಳಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿಯುತ್ತದೆ.

ನಿಮ್ಮದು ಲೋಹದ ತುಕ್ಕಿನ ಅಧ್ಯಯನವೋ, ಗಣಿತವೋ ಆಗಿದ್ದರೆ "ಸಂಶೋಧನಾ ಪ್ರಶ್ನೆಗೆ ಇದು ಅನ್ವಯಿಸುವುದಿಲ್ಲ" ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿ. ಎಳೆದು ತಂದ ಪ್ಯಾರಾ ಪರಿಶೀಲಕರಿಗೆ ತಕ್ಷಣ ಗೊತ್ತಾಗುತ್ತದೆ. ತಂಡದ ರಚನೆಯ ಪ್ರಶ್ನೆ ಮಾತ್ರ ನಿಮಗೂ ಇದ್ದೇ ಇದೆ.

ಬಜೆಟ್ಟಿನ ವಿಷಯ. ಫೀಲ್ಡ್ ವಾಹನ, ಇಬ್ಬರು ಒಟ್ಟಿಗೆ ಹೋಗುವಷ್ಟು ಪ್ರಯಾಣ ಭತ್ಯೆ, ಹೆಣ್ಣುಮಕ್ಕಳ ಅಳತೆಯ ಲೈಫ್ ಜಾಕೆಟ್ ಮತ್ತು ಗಂಬೂಟು, ಇವನ್ನೆಲ್ಲ ಮೊದಲ ದಿನವೇ ಪ್ರಯಾಣ ಮತ್ತು ಸಾಮಗ್ರಿಯ ತಲೆಬರಹದಡಿ ಹಾಕಿ. ಒಂದೇ ದೊಡ್ಡ ಅಳತೆಯ ಜಾಕೆಟ್ ತರಿಸಿದರೆ ಸಣ್ಣ ಮೈಕಟ್ಟಿನವರು ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಜಾರಿಹೋಗುತ್ತದೆ. ಮಗುವನ್ನು ನೋಡಿಕೊಳ್ಳುವ ವೆಚ್ಚವನ್ನು ಕಂಟಿಂಜೆನ್ಸಿಯಲ್ಲಿ, ಅಂದರೆ ಚಿಲ್ಲರೆ ಖರ್ಚಿನ ಲೆಕ್ಕದಲ್ಲಿ, ತುರುಕಬೇಡಿ. ಒಳ್ಳೆಯ ಉದ್ದೇಶವೇ ಇರಬಹುದು, ಆಡಿಟ್ ಆಕ್ಷೇಪ ಬಂದರೆ ಹಣ ಮರಳಿ ಕಟ್ಟುವವರು ನೀವೇ. ಅಂಥ ವೆಚ್ಚಕ್ಕೆ ಸಂಸ್ಥೆಗೆ ಬರುವ ಓವರ್‌ಹೆಡ್ ಹಣ, ಎಂದರೆ ಯೋಜನೆಯನ್ನು ಇಟ್ಟುಕೊಂಡದ್ದಕ್ಕೆ ಸಂಸ್ಥೆಗೆ ಸಿಗುವ ಪಾಲು, ಬಳಸಬಹುದೇ ಎಂದು ಪ್ರಾಂಶುಪಾಲರನ್ನೋ ಕುಲಸಚಿವರನ್ನೋ ಬರವಣಿಗೆಯಲ್ಲಿ ಕೇಳಿ.

ಹಂತ 3: ಜಾಹೀರಾತು

ಕನ್ನಡದಲ್ಲಿ ಜಾಹೀರಾತು ಬರೆಯುವವರು ಕ್ರಿಯಾಪದ ನೋಡಿಕೊಳ್ಳಬೇಕು. "ಅಭ್ಯರ್ಥಿಯು ಹೊತ್ತಿಲ್ಲದ ಹೊತ್ತಿನಲ್ಲಿ ದುಡಿಯಲು ಸಿದ್ಧನಿರಬೇಕು" ಎಂದು ಬರೆದರೆ ಆ "ಸಿದ್ಧನಿರಬೇಕು" ಅರ್ಧ ಅರ್ಜಿದಾರರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. "ಸಿದ್ಧರಿರಬೇಕು" ಎಂದರೆ ಮುಗಿಯಿತು. ನಮ್ಮ ಬಹುವಚನಕ್ಕೆ ಲಿಂಗವಿಲ್ಲ. ಇನ್ನು "ಹೊತ್ತಿಲ್ಲದ ಹೊತ್ತು" ಎಂಬುದು ಬೆದರಿಕೆಯ ಹಾಗೆ ಕೇಳುತ್ತದೆ, ಮಾಹಿತಿ ಏನೂ ಇಲ್ಲ. ಹೀಗೆ ಬರೆಯಿರಿ:

"ತಿಂಗಳಿಗೆ 4 ದಿನ, ಬೆಳಗ್ಗೆ 5ರಿಂದ 11ರ ತನಕ ಬಂದರಿನಲ್ಲಿ ಮಾದರಿ ಸಂಗ್ರಹ, ದಿನಾಂಕ ಉಬ್ಬರ ಇಳಿತದ ಪ್ರಕಾರ 15 ದಿನ ಮೊದಲು ತಿಳಿಸಲಾಗುವುದು. ವಾಹನ ಯೋಜನೆಯದು, ಇಬ್ಬರು ಒಟ್ಟಿಗೆ ಹೋಗುವುದು. ಉಳಿದ ದಿನ ಪ್ರಯೋಗಾಲಯದಲ್ಲಿ ಕೆಲಸ. ನಿಯಮದಂತೆ ಹೆರಿಗೆ ರಜೆ ಲಭ್ಯ. ವಿರಾಮದ ನಂತರ ಸಂಶೋಧನೆಗೆ ಮರಳುವವರೂ ಅರ್ಜಿ ಹಾಕಬಹುದು."

ವಯೋಮಿತಿಯ ಸಡಿಲಿಕೆ ಬಿಟ್ಟುಹೋಗದಂತೆ ಹಾಕಿ. ಐಸಿಎಆರ್ ಯೋಜನೆಗಳ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಗಂಡಸರಿಗೆ 35, ಮಹಿಳೆಯರಿಗೆ 40 ಎಂದಿರುತ್ತದೆ. ನೆಟ್ ಪರೀಕ್ಷೆಯ ಜೆಆರ್‌ಎಫ್‌ಗೆ ಮಹಿಳೆಯರಿಗೆ 5 ವರ್ಷ ಸಡಿಲಿಕೆಯಿದೆ. ಹಳೆಯ ಜಾಹೀರಾತನ್ನು ನಕಲು ಮಾಡುವ ಗುಮಾಸ್ತರ ಕೈಯಲ್ಲಿ ಈ ಸಾಲೇ ಮೊದಲು ಮಾಯವಾಗುವುದು. ನಿಮ್ಮ ಅನುದಾನ ಸಂಸ್ಥೆಯ ಮಿತಿ ಏನೆಂದು ಮಂಜೂರಾತಿ ಆದೇಶದಿಂದಲೇ ಎತ್ತಿ ಹಾಕಿ.

"ಪುರುಷರಿಗೆ ಆದ್ಯತೆ" ಎಂದು ಬರೆಯುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ತದ್ವಿರುದ್ಧದ ತಪ್ಪೂ ನಡೆಯುತ್ತದೆ: ಅನುದಾನ ಸಂಸ್ಥೆ ಹೇಳದೇ ಇದ್ದರೂ "ಮಹಿಳೆಯರಿಗೆ ಮಾತ್ರ" ಎಂದು ಹಾಕುವುದು. "ಮಹಿಳೆಯರು ಅರ್ಜಿ ಸಲ್ಲಿಸಬೇಕೆಂದು ವಿಶೇಷವಾಗಿ ಕೋರಲಾಗಿದೆ" ಎಂಬಲ್ಲಿಗೆ ನಿಲ್ಲಿಸಿ.

ಹಂತ 4: ಸಂದರ್ಶನ

ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಸಮಿತಿಯವರಿಗೆ ಕೊಡಿ, ಆರು ಪ್ರಶ್ನೆ ಸಾಕು. ಎಲ್ಲರಿಗೂ ಅವೇ ಪ್ರಶ್ನೆ. ಅಂಕಪಟ್ಟಿಯನ್ನು ಪ್ರತಿಯೊಬ್ಬ ಸದಸ್ಯರೂ ಚರ್ಚೆಗೆ ಮೊದಲೇ ತುಂಬಿ ಸಹಿ ಹಾಕಲಿ. ಚರ್ಚೆಯ ನಂತರ ತುಂಬಿದರೆ ಮೊದಲು ಮಾತಾಡಿದ ಹಿರಿಯರ ಅಂಕವೇ ಎಲ್ಲರ ಅಂಕವಾಗುತ್ತದೆ.

"ಮದುವೆ ಆಯ್ತಾ? ಗಂಡ ಎಲ್ಲಿರುವುದು? ಮಗು ಸಣ್ಣದಲ್ವಾ, ನೋಡಿಕೊಳ್ಳುವವರು ಉಂಟಾ?" ನಮ್ಮ ಕಡೆ ಇವನ್ನು ಕೇಳುವವರು ಕೆಟ್ಟವರೆಂದಲ್ಲ, ಅಕ್ಕರೆಯಿಂದಲೇ ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಆದರೆ ಸಂದರ್ಶನದ ಕೋಣೆಯಲ್ಲಿ ಆ ಉತ್ತರ ಅಂಕಪಟ್ಟಿಗೆ ಇಳಿದೇ ಇಳಿಯುತ್ತದೆ, ಹುಡುಗರಿಗೆ ಆ ಪ್ರಶ್ನೆ ಬರುವುದೂ ಇಲ್ಲ. ನಿಮಗೆ ನಿಜವಾಗಿ ತಿಳಿಯಬೇಕಾದ್ದು ಬೆಳಗ್ಗೆ 5ಕ್ಕೆ ದಕ್ಕೆಗೆ ಬರಲು ಆದೀತೇ ಎಂಬುದು. ಅದನ್ನೇ ಕೇಳಿ, ಎಲ್ಲರನ್ನೂ ಕೇಳಿ. ಸಮಿತಿಯಲ್ಲಿ ಯಾರಾದರೂ ಮದುವೆಯ ಪ್ರಶ್ನೆ ಎತ್ತಿದರೆ ಅಧ್ಯಕ್ಷರು "ಅದು ನಮ್ಮ ಪಟ್ಟಿಯಲ್ಲಿಲ್ಲ" ಎಂದು ಹೇಳುವ ವ್ಯವಸ್ಥೆ ಮೊದಲೇ ಆಗಿರಲಿ.

ಸಮಿತಿಯಲ್ಲಿ ಮಹಿಳಾ ಸದಸ್ಯರು ಬೇಕು, ಆದರೆ ವಿಭಾಗದಲ್ಲಿರುವ ಒಬ್ಬರೇ ಮೇಡಂ ಅವರನ್ನು ಎಲ್ಲ ಸಮಿತಿಗೂ ಹಾಕಬೇಡಿ. ಅವರಿಗೂ ಸಂಶೋಧನೆ ಇದೆ. ಸುರತ್ಕಲ್, ಕೊಣಾಜೆ, ಮಣಿಪಾಲದ ವಿದ್ಯಾಸಂಸ್ಥೆಗಳು, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಎಲ್ಲವೂ ಒಂದೆರಡು ಗಂಟೆಯ ದಾರಿಯೊಳಗೇ ಇವೆ. ಹೊರಗಿನ ತಜ್ಞರನ್ನು ಕರೆಯಬಹುದು. ದೂರದ ಅಭ್ಯರ್ಥಿಗಳಿಗೆ ಆನ್‌ಲೈನ್ ಅವಕಾಶ ಕೊಡಿ. ಕರೆಪತ್ರ ಕನಿಷ್ಠ 10 ದಿನ ಮೊದಲು ಹೋಗಲಿ.

ಹಂತ 5: ಹೆರಿಗೆ ರಜೆ, ಹಣ ಮತ್ತು ಯೋಜನೆಯ ಗಡಿಯಾರ

ಅತಿ ಹೆಚ್ಚು ಗೊಂದಲ ಇಲ್ಲೇ, ಮತ್ತು ಗೊಂದಲದ ಮೂಲ ಮೂರು ಸಂಖ್ಯೆಗಳು: 180 ದಿನ, 26 ವಾರ, 240 ದಿನ. ಮೂರೂ ಸರಿ, ಆದರೆ ಮೂರರ ಮನೆ ಬೇರೆ ಬೇರೆ.

180 ದಿನ ಕೇಂದ್ರ ಸರಕಾರಿ ನೌಕರರ ರಜಾ ನಿಯಮದ್ದು, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವವರಿಗೆ. ಡಿಎಸ್‌ಟಿಯ ಫೆಲೋಶಿಪ್ ಆದೇಶ ಜೆಆರ್‌ಎಫ್, ಎಸ್‌ಆರ್‌ಎಫ್, ಆರ್‌ಎ (ರಿಸರ್ಚ್ ಅಸೋಸಿಯೇಟ್) ಮೂವರಿಗೂ "ಭಾರತ ಸರಕಾರದ ಸೂಚನೆಗಳಂತೆ" ಹೆರಿಗೆ ರಜೆ ಎಂದು ಹೇಳುವುದರಿಂದ ಅನುದಾನ ಯೋಜನೆಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. 26 ವಾರ, ಅಂದರೆ 182 ದಿನ, ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯಿಂದ ಬಂದದ್ದು, ಅದು ಉದ್ಯೋಗಿಗಳಿಗೆ. ಹೆರಿಗೆಯ ಅಂದಾಜು ದಿನಾಂಕಕ್ಕೆ ಮೊದಲು ಅದರಲ್ಲಿ 8 ವಾರದ ತನಕ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. 240 ದಿನ ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯದ್ದು: ಇಡೀ ಪಿಎಚ್‌ಡಿ ಅವಧಿಯಲ್ಲಿ ಹೆರಿಗೆ ಮತ್ತು ಮಗುವಿನ ಆರೈಕೆಗಾಗಿ ಕೊಡಬಹುದಾದ ರಜೆ. ಅದು ನೋಂದಣಿಯ ಕಾಲಕ್ಕೆ ಸಂಬಂಧಿಸಿದ್ದು, ಫೆಲೋಶಿಪ್ ಹಣದ ಬಗ್ಗೆ ಅಲ್ಲ. "240 ದಿನವೂ ಫೆಲೋಶಿಪ್ ಬರುತ್ತದೆ" ಎಂದು ನಂಬಿ ಲೆಕ್ಕ ತಪ್ಪುವವರಿದ್ದಾರೆ. "ನೀನು ಉದ್ಯೋಗಿಯಲ್ಲ, ಆದ್ದರಿಂದ ರಜೆಯೇ ಇಲ್ಲ" ಎನ್ನುವ ಕಚೇರಿಗಳೂ ಇವೆ. ಎರಡೂ ತಪ್ಪು. ಇನ್ನು ಪ್ರಾಜೆಕ್ಟ್ ಅಸೋಸಿಯೇಟ್, ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳಿಗೆ ಬೇರೆಯೇ ಆದೇಶವಿದೆ. ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ಏನಿದೆ ಎಂದು ಓದಿ ನಂತರ ಮಾತಾಡಿ.

ಹಣದ ಲೆಕ್ಕ ಸರಳ. ಜೆಆರ್‌ಎಫ್ 2023ರ ಜನವರಿ 1ರಿಂದ ತಿಂಗಳಿಗೆ 37,000 ರೂ., ಎಸ್‌ಆರ್‌ಎಫ್ 42,000 ರೂ., ಮನೆ ಬಾಡಿಗೆ ಭತ್ಯೆ ಬೇರೆ. ಆರು ತಿಂಗಳ ರಜೆಗೆ ಜೆಆರ್‌ಎಫ್ ಮೊತ್ತವೇ 2,22,000 ರೂ. ಅದು ಯೋಜನೆಯ ಮಾನವಶಕ್ತಿ ಲೆಕ್ಕದಿಂದಲೇ ಹೋಗಬೇಕು. ಹೊಸ ಹಣ ಬೇಡ, ಯಾಕೆಂದರೆ ಅದು ಈಗಾಗಲೇ ಆ ಹುದ್ದೆಗೆ ಮಂಜೂರಾದ ಹಣ. ಇದರ ಇನ್ನೊಂದು ಮುಖ: ರಜೆಯಲ್ಲಿ ಹಣ ಉಳಿಯುವುದಿಲ್ಲ, ಹಾಗಾಗಿ ಅದೇ ಹುದ್ದೆಯ ಮೇಲೆ ಬದಲಿಯವರನ್ನು ಹಾಕಲಾಗದು. ಬದಲಿ ಬೇಕಾದರೆ ಬೇರೆ ತಲೆಬರಹದಲ್ಲಿ ಉಳಿದ ಹಣವನ್ನು ವರ್ಗಾಯಿಸಲು ಅನುದಾನ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆಯಿರಿ.

ನಿಜವಾದ ತೊಂದರೆ ಗಡಿಯಾರದ್ದು. 36 ತಿಂಗಳ ಯೋಜನೆ ರಜೆಗಾಗಿ ನಿಲ್ಲುವುದಿಲ್ಲ. ಇಲ್ಲಿ ಪಿಐಗಳು ತಿಂಗಳು ಎಣಿಸುತ್ತಾರೆ, ಎಣಿಸಬೇಕಾದ್ದು ಋತು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಿಮ್ಮ ಸಂಶೋಧಕಿ ಆಗಸ್ಟ್‌ನಿಂದ ಜನವರಿಯ ತನಕ ರಜೆಯಲ್ಲಿದ್ದರೆ ಮಳೆಗಾಲ ಕಳೆದ ಮೇಲಿನ ಇಡೀ ಹಂಗಾಮು ಹೋಯಿತು. ಫೆಬ್ರವರಿಯಲ್ಲಿ ಬಂದು ಆ ಮಾದರಿ ಸಿಗುವುದಿಲ್ಲ, ಮುಂದಿನ ಆಗಸ್ಟ್ ಕಾಯಬೇಕು. ಕೇಳಬೇಕಾದ್ದು 6 ತಿಂಗಳಲ್ಲ, 12. ಹೆಚ್ಚು ಹಣವಿಲ್ಲದೆ ಅವಧಿ ಮಾತ್ರ ಮುಂದೂಡುವ ಇದನ್ನು ಕಚೇರಿಯಲ್ಲಿ ನೋ ಕಾಸ್ಟ್ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಯೋಜನೆ ಮುಗಿಯಲು ಮೂರು ತಿಂಗಳಾದರೂ ಇರುವಾಗ ಪತ್ರ ಹೋಗಲಿ. ರಜೆ ಮಂಜೂರಾದ ವಾರವೇ ಒಂದು ಮುನ್ಸೂಚನೆ ಕಳಿಸಿದ್ದರೆ ಇನ್ನೂ ಒಳ್ಳೆಯದು. ಪತ್ರದ ಒಡಲು ಹೀಗಿದ್ದರೆ ಸಾಕು:

"ಯೋಜನೆಯ ಜೆಆರ್‌ಎಫ್ ಅವರಿಗೆ ಇಂಥ ದಿನಾಂಕದಿಂದ 180 ದಿನ ಹೆರಿಗೆ ರಜೆ ಮಂಜೂರಾಗಿದೆ (ಆದೇಶದ ಪ್ರತಿ ಲಗತ್ತು). ಈ ಅವಧಿಯಲ್ಲಿ ಮಳೆಗಾಲದ ನಂತರದ ಮಾದರಿ ಸಂಗ್ರಹ, ಅಂದರೆ ಉದ್ದೇಶ 2 ಮತ್ತು 3, ಸಾಧ್ಯವಾಗುವುದಿಲ್ಲ. ಅದು ಮುಂದಿನ ಆಗಸ್ಟ್‌ನಿಂದ ಜನವರಿಯ ಒಳಗೆ ಮಾತ್ರ ಸಾಧ್ಯ. ಉದ್ದೇಶ 1ರ ಕೆಲಸ ಎಂದಿನಂತೆ ಸಾಗುತ್ತದೆ. ಆದ್ದರಿಂದ ಹೆಚ್ಚುವರಿ ಅನುದಾನವಿಲ್ಲದೆ 12 ತಿಂಗಳ ವಿಸ್ತರಣೆ ಕೋರುತ್ತೇವೆ. ಉಳಿಕೆ ಹಣದ ವಿವರ ಮತ್ತು ತಿಂಗಳವಾರು ಕೆಲಸದ ಪಟ್ಟಿ ಲಗತ್ತಿಸಿದೆ."

ಪತ್ರದಲ್ಲಿ ಕ್ಷಮೆ ಕೇಳುವ ಸಾಲು ಬೇಡ.

ಇಲ್ಲಿ ಕೆಡುವ ಸಂಗತಿಗಳು ಮೂರು. ನೇಮಕಾತಿ ವರ್ಷಕ್ಕೊಮ್ಮೆ ನವೀಕರಣವಾಗುವಂಥದ್ದಾಗಿ, ನವೀಕರಣದ ದಿನಾಂಕ ರಜೆಯ ಮಧ್ಯೆ ಬಂದರೆ ಕಚೇರಿ ಸುಮ್ಮನೆ ಬಿಟ್ಟುಬಿಡುತ್ತದೆ. ಆ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಡತ ಮೊದಲೇ ಏಳಿಸಿ. "ರಾಜೀನಾಮೆ ಕೊಟ್ಟು ಹೋಗು, ಆಮೇಲೆ ತೆಗೆದುಕೊಳ್ಳುತ್ತೇವೆ" ಎಂಬ ಸಲಹೆಯನ್ನು ಯಾರೂ ಕೊಡಬಾರದು, ಕೊಟ್ಟರೂ ನೀವು ಒಪ್ಪಬಾರದು. ಗುತ್ತಿಗೆ ಮುಗಿಯಿತೆಂಬ ಕಾರಣಕ್ಕೆ ಹೆರಿಗೆ ಸೌಲಭ್ಯ ಮೊಟಕಾಗದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ, ಗುತ್ತಿಗೆಯ ಮೇಲಿದ್ದ ವೈದ್ಯೆಯೊಬ್ಬರ ಪ್ರಕರಣದಲ್ಲಿ ಹೇಳಿದೆ. ಮೂರನೆಯದು ಗರ್ಭಿಣಿಯ ಕೆಲಸ ಬದಲಿಸುವ ರೀತಿ. ಫಾರ್ಮಲಿನ್‌ನಲ್ಲಿಟ್ಟ ಮೀನಿನ ಮಾದರಿ, ಎಥಿಡಿಯಂ ಬ್ರೋಮೈಡ್, ವಿಕಿರಣದ ಉಪಕರಣಗಳಿಂದ ದೂರವಿಡುವುದು ಸರಿ, ಅವರೊಂದಿಗೆ ಕೂತು ಮಾತಾಡಿ ಬದಲಿಸಿ. ಆದರೆ ಮಾದರಿಯ ಕೆಲಸ ಇನ್ನೊಬ್ಬರಿಗೆ ಹೋದ ಕೂಡಲೇ ಲೇಖನದ ಮೊದಲ ಹೆಸರೂ ಹೋಗಬಾರದು. ಯಾರು ಯಾವ ಭಾಗ ಮಾಡಿದ್ದಾರೆ, ಹೆಸರಿನ ಕ್ರಮ ಏನು ಎಂದು ರಜೆಗೆ ಹೋಗುವ ಮೊದಲೇ ಅರ್ಧ ಪುಟ ಬರೆದು ಇಬ್ಬರೂ ಸಹಿ ಹಾಕಿ.

ಗಂಡಸರಿಗೂ ಒಂದು ಮಾತು. ಕೇಂದ್ರ ಸರಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆಯಿದೆ. ಅರ್ಹತೆ ಇರುವ ಪಿಐ ತಾನೇ ಅದನ್ನು ತೆಗೆದುಕೊಂಡರೆ ತಂಡದ ಹುಡುಗರೂ ಕೇಳುವ ಧೈರ್ಯ ಮಾಡುತ್ತಾರೆ.

ಪಿಎಚ್‌ಡಿ ಅವಧಿ ಮತ್ತು ವರ್ಗಾವಣೆ: ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಮತ್ತೂ ಎರಡು, ಒಟ್ಟು 10 ವರ್ಷ ಮೀರುವಂತಿಲ್ಲ. ಮದುವೆಯಾಗಿ ಬೆಂಗಳೂರಿಗೋ ಮುಂಬಯಿಗೋ ಹೋಗುವವರು ತಮ್ಮ ದತ್ತಾಂಶವನ್ನು ಅಲ್ಲಿನ ಸಂಸ್ಥೆಗೆ ಒಯ್ಯಬಹುದು ಎಂದು ಇದೇ ನಿಯಮಾವಳಿ ಹೇಳುತ್ತದೆ. ಆದರೆ ಒಂದು ಷರತ್ತು: ಆ ಕೆಲಸ ಮೂಲ ಸಂಸ್ಥೆಗೆ ಅಥವಾ ಮಾರ್ಗದರ್ಶಕರಿಗೆ ಮಂಜೂರಾದ ಅನುದಾನ ಯೋಜನೆಯದ್ದಾಗಿರಬಾರದು. ಜೆಆರ್‌ಎಫ್ ಆಗಿ ಸೇರಿ ಅದೇ ಕೆಲಸದ ಮೇಲೆ ಪಿಎಚ್‌ಡಿ ಮಾಡುವವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ನೋಂದಣಿಯ ಹೊತ್ತಿಗೇ ಪ್ರಬಂಧದ ಯಾವ ಅಧ್ಯಾಯ ಯೋಜನೆಯದು, ಯಾವುದು ಸಂಶೋಧಕಿಯ ಸ್ವಂತದ್ದು ಎಂದು ಬೇರ್ಪಡಿಸಿ ಬರೆದಿಡುವುದು ಜಾಣತನ.

ಹಂತ 6: ಫೀಲ್ಡ್, ರಾತ್ರಿ ಪಾಳಿ, ದೂರು

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೋ ಕೋಡಿ ಬೆಂಗ್ರೆಯ ಅಳಿವೆಗೋ ಹೋಗುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ನಗುವ ವಿಷಯವಲ್ಲ; ಆರು ಗಂಟೆ ಇಳಿತದ ಕೆಲಸವಿದ್ದಾಗ ಹುಡುಗಿಯರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ, ಬಿಸಿಲಿಗೆ ತಲೆಸುತ್ತಿ ಬೀಳುತ್ತಾರೆ. ಸ್ಥಳೀಯ ಶಾಲೆ, ಪಂಚಾಯತ್ ಕಚೇರಿ ಅಥವಾ ಪರಿಚಿತರ ಮನೆ, ಇವುಗಳಲ್ಲಿ ಒಂದನ್ನು ಮೊದಲೇ ಮಾತಾಡಿಟ್ಟು ಫೀಲ್ಡ್ ಹಾಳೆಯಲ್ಲಿ ಫೋನ್ ನಂಬರಿನೊಂದಿಗೆ ಬರೆಯಿರಿ.

ಈಗ ಆ ಬುಕಿಂಗ್ ಪುಸ್ತಕ. "ಸಂಜೆ 6ರ ನಂತರ ಹೆಣ್ಣುಮಕ್ಕಳು ಲ್ಯಾಬಿನಲ್ಲಿ ಇರುವಂತಿಲ್ಲ" ಎಂಬ ನಿಯಮ ರಕ್ಷಣೆಗೆಂದೇ ಬರುತ್ತದೆ. ಅದರ ಫಲ ಏನೆಂದರೆ 14 ಗಂಟೆ ಓಡಬೇಕಾದ ಪ್ರಯೋಗವೆಲ್ಲ ಹುಡುಗರ ಪಾಲಾಗುತ್ತದೆ, ಎರಡು ವರ್ಷ ಕಳೆದಾಗ ಪ್ರಕಟಣೆಗಳೂ ಅವರ ಪಾಲಾಗುತ್ತವೆ. ನಿಯಮ ತೆಗೆದು ವ್ಯವಸ್ಥೆ ಕೊಡಿ: ರಾತ್ರಿ ಕಟ್ಟಡದಲ್ಲಿ ಯಾರೇ ಆಗಲಿ ಇಬ್ಬರಿಗಿಂತ ಕಡಿಮೆ ಇರಬಾರದು, ಸೆಕ್ಯುರಿಟಿಯವರ ಬಳಿ ಹೆಸರಿನ ಪಟ್ಟಿ, ಹಾಸ್ಟೆಲ್ ವಾರ್ಡನ್‌ಗೆ ಪಿಐ ಸಹಿಯ ತಿಂಗಳ ಅನುಮತಿ, ಕೊನೆಯ ಬಸ್ಸು ತಪ್ಪಿದರೆ ವಾಹನ.

ದೂರಿನ ಬಗ್ಗೆ ತಿಳಿದಿರಬೇಕಾದ್ದು: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಗುತ್ತಿಗೆಯವರಿಗೂ ತಾತ್ಕಾಲಿಕರಿಗೂ ಅನ್ವಯಿಸುತ್ತದೆ, ಮತ್ತು ಕೆಲಸದ ನಿಮಿತ್ತ ಹೋದ ಜಾಗ, ಹೋದ ವಾಹನ ಎರಡೂ ಕೆಲಸದ ಸ್ಥಳವೇ. ಬೋಟಿನಲ್ಲಾದದ್ದು ಹೊರಗಿನದ್ದು ಎಂದು ತಳ್ಳಿಹಾಕುವಂತಿಲ್ಲ. ಘಟನೆಯಾದ 3 ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಲಿಖಿತ ದೂರು. ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿಯ ಅರ್ಧದಷ್ಟು ಮಂದಿಯಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರು ಬೇಕೇ ಬೇಕು. ಕಾಲೇಜು, ವಿಶ್ವವಿದ್ಯಾನಿಲಯಗಳಿಗೆ ಯುಜಿಸಿಯ 2015ರ ನಿಯಮಾವಳಿಯೂ ಇದೆ: ಡೀನ್, ವಿಭಾಗ ಮುಖ್ಯಸ್ಥರಂಥವರು ಸಮಿತಿಯಲ್ಲಿ ಇರುವಂತಿಲ್ಲ. ನಿಮ್ಮ ಸಂಸ್ಥೆಯ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ನಿವೃತ್ತರಾದವರ ಹೆಸರು ಇನ್ನೂ ಇದ್ದರೆ ಅಚ್ಚರಿಪಡಬೇಡಿ, ಬದಲಿಸಲು ಪತ್ರ ಬರೆಯಿರಿ. ಸದಸ್ಯರ ಫೋನ್ ನಂಬರು ಹೊಸಬರ ನೇಮಕಾತಿ ಪತ್ರದೊಂದಿಗೇ ಹೋಗಲಿ.

ಲ್ಯಾಬಿನ ಮನೆಗೆಲಸವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸ್ಟಾಕ್ ರಿಜಿಸ್ಟರ್, ಆರ್ಡರ್ ಫೋನು, ಕಾಲೇಜಿನ ಮೌಲ್ಯಾಂಕನದ ನ್ಯಾಕ್ ಫೈಲು, ವಿಚಾರ ಸಂಕಿರಣದ ಪ್ರಾರ್ಥನೆ, ನಿರೂಪಣೆ, ಅತಿಥಿಗಳಿಗೆ ಹೂವು. ಇವು ಯಾರ ಪಾಲಿಗೆ ಬರುತ್ತವೆ ಎಂದು ನಿಮಗೇ ಗೊತ್ತು. ಗೋಡೆಯ ಮೇಲೆ ಸರದಿ ಪಟ್ಟಿ ಹಾಕಿ, ಅದರಲ್ಲಿ ಪಿಐ ಹೆಸರೂ ಇರಲಿ.

ಹಂತ 7: ಬಿಟ್ಟುಹೋದವರಿಗೆ ದಾರಿ

ಎಂಎಸ್ಸಿ ಅಥವಾ ಪಿಎಚ್‌ಡಿ ಮುಗಿಸಿ ಮನೆ, ಮಗು, ಗಲ್ಫ್ ಎಂದು ಹತ್ತು ವರ್ಷ ಕಳೆದು ಊರಿಗೆ ಮರಳಿದವರು ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ. ಮಹಿಳಾ ವಿಜ್ಞಾನಿಗಳಿಗಾಗಿ ಇರುವ ಡಿಎಸ್‌ಟಿಯ ವೈಸ್-ಕಿರಣ್ ಯೋಜನೆಯಡಿ ಪಿಎಚ್‌ಡಿ, ಪೋಸ್ಟ್‌ಡಾಕ್, ಸಮಾಜೋಪಯೋಗಿ ಸಂಶೋಧನೆಗೆ ಬೇರೆ ಬೇರೆ ಫೆಲೋಶಿಪ್‌ಗಳಿವೆ. ಡಿಬಿಟಿಯ ಬಯೋಕೇರ್ ಜೀವವಿಜ್ಞಾನದ ಮಹಿಳೆಯರಿಗೆ. ಅರ್ಜಿದಾರರಿಗೆ ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ ಮತ್ತು ಮಾರ್ಗದರ್ಶಕರು ಬೇಕು. ನೀವು ಮಾಡಬಹುದಾದ್ದು ಇಷ್ಟೇ: ಒಪ್ಪಿಗೆ ಪತ್ರದ ನಮೂನೆಯನ್ನು ಮುಖ್ಯಸ್ಥರಿಂದ ಮೊದಲೇ ಸರಿಪಡಿಸಿಟ್ಟು, ಕೇಳಿದವರಿಗೆ ಎರಡು ದಿನದಲ್ಲಿ ಕೊಡುವುದು. ಕೊನೆಯ ದಿನ ಸಹಿ ಹಾಕುವವರು ರಜೆಯಲ್ಲಿದ್ದಾರೆಂದು ನಿಂತುಹೋಗುವ ಅರ್ಜಿಗಳು ಬಹಳ. ವಯೋಮಿತಿಯನ್ನು ಆ ವರ್ಷದ ಪ್ರಕಟಣೆಯಿಂದಲೇ ನೋಡಿ, ಹಿಂದಿನ ವರ್ಷದ ಪಿಡಿಎಫ್‌ನಿಂದ ಅಲ್ಲ.

ಹಂತ 8: ವಾರ್ಷಿಕ ವರದಿ, ಯುಸಿ, ಪ್ರಮಾಣಪತ್ರ

ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ, ಕೇಂದ್ರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಹೋಗುತ್ತದೆ. ಅದರ ಜೊತೆ ಹೋಗುವ ಪ್ರಗತಿ ವರದಿಗೆ 1ನೇ ಹಂತದ ಹಾಳೆಯನ್ನು ಈ ವರ್ಷದ ಅಂಕಿಗಳೊಂದಿಗೆ ಸೇರಿಸಿ. ಹೆರಿಗೆ ರಜೆಯಲ್ಲಿ ಕೊಟ್ಟ ಫೆಲೋಶಿಪ್ ಮಾನವಶಕ್ತಿ ವೆಚ್ಚದೊಳಗೇ ಇರಲಿ, ರಜೆಯ ಆದೇಶದ ಸಂಖ್ಯೆ ಪಕ್ಕದಲ್ಲಿ ಬರಲಿ. "ಕೆಲಸ ಮಾಡದ ತಿಂಗಳಿಗೆ ಯಾಕೆ ಕೊಟ್ಟಿರಿ" ಎಂದು ಲೆಕ್ಕ ಪರಿಶೋಧಕರು ಕೇಳಿದರೆ ಆ ಸಂಖ್ಯೆಯೇ ಉತ್ತರ.

ಮಧ್ಯದಲ್ಲಿ ಬಿಟ್ಟುಹೋದವರಿಗೆ ಅನುಭವ ಪ್ರಮಾಣಪತ್ರ ಕೊಡುವಾಗ "ವೈಯಕ್ತಿಕ ಕಾರಣಗಳಿಂದ ಕೆಲಸ ತೊರೆದಿರುತ್ತಾರೆ" ಎಂಬ ಸಾಲು ಹಾಕುವ ರೂಢಿಯಿದೆ. ತೆಗೆಯಿರಿ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ನಿರ್ವಹಿಸಿದ ಉಪಕರಣಗಳ ಹೆಸರು, ಸಂಗ್ರಹಿಸಿದ ಮಾದರಿಗಳ ಸಂಖ್ಯೆ, ಹೆಸರಿರುವ ಲೇಖನಗಳು. ಸಹಿ, ಮೊಹರು. ಕೇಳದಿದ್ದರೂ ಅಂಚೆಯಲ್ಲಿ ಒಂದು ಪ್ರತಿ, ಇಮೇಲ್‌ನಲ್ಲಿ ಒಂದು ಪ್ರತಿ ಕಳಿಸಿ. ಐದು ವರ್ಷ ಬಿಟ್ಟು ಅವರು ವೈಸ್ ಅರ್ಜಿಗೆ ಕೂತಾಗ ನೀವು ಬೇರೆ ಕಡೆ ವರ್ಗವಾಗಿರಬಹುದು.